ಎಚ್‌ಐವಿ: ಅಪಾಯದ ಲೆಕ್ಕ ಬದಲಾದ ಬಗೆ

1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ತನ್ನ ವಾರದ ವರದಿಯಲ್ಲಿ ಲಾಸ್ ಏಂಜಲೀಸಿನ ಐವರು ಯುವಕರ ಕಾಯಿಲೆಯ ಸುದ್ದಿ ಪ್ರಕಟಿಸಿತು. ಐವರಿಗೂ ಬಂದದ್ದು ನ್ಯೂಮೋಸಿಸ್ಟಿಸ್ ಎಂಬ ಅಪರೂಪದ ನ್ಯುಮೋನಿಯಾ. ರೋಗನಿರೋಧಕ ಶಕ್ತಿ ಬಹಳ ಕುಸಿದವರಲ್ಲಿ ಮಾತ್ರ ವೈದ್ಯರು ಅದನ್ನು ಕಂಡಿದ್ದರು. ವರದಿ ಅಚ್ಚಾಗುವ ಹೊತ್ತಿಗೆ ಇಬ್ಬರು ತೀರಿಕೊಂಡಿದ್ದರು. ಐವರೂ ಸಲಿಂಗಕಾಮಿಗಳು ಎಂಬ ಮಾತನ್ನು ಜಗತ್ತು ಗಟ್ಟಿಯಾಗಿ ಹಿಡಿದುಕೊಂಡಿತು. ಹೀಗಾಗಿ ಮೊದಲ ಒಂದೆರಡು ವರ್ಷ ಅಪಾಯವನ್ನು ಅಳೆದದ್ದು ಮನುಷ್ಯರ ಗುಂಪು ನೋಡಿ: ಇಂಥವರಿಗೆ ಬರುತ್ತದೆ, ಇಂಥವರಿಗೆ ಬರುವುದಿಲ್ಲ.

ಈ ಲೆಕ್ಕ ಹೆಚ್ಚು ದಿನ ನಿಲ್ಲಲಿಲ್ಲ. 1982ರಲ್ಲಿ ಹಿಮೋಫಿಲಿಯಾ ರೋಗಿಗಳಲ್ಲಿ ಅದೇ ಕಾಯಿಲೆ ಕಂಡಿತು. ರಕ್ತ ಹೆಪ್ಪುಗಟ್ಟಲೆಂದು ಅವರು ತೆಗೆದುಕೊಳ್ಳುತ್ತಿದ್ದ ಔಷಧಿಯನ್ನು ಸಾವಿರಾರು ದಾನಿಗಳ ರಕ್ತದಿಂದ ತಯಾರಿಸಲಾಗುತ್ತಿತ್ತು. ಸೂಜಿ ಹಂಚಿಕೊಂಡು ಮಾದಕ ವಸ್ತು ಚುಚ್ಚಿಕೊಳ್ಳುವವರಲ್ಲಿ, ಅವರ ಹೆಂಡಿರಲ್ಲಿ, ರಕ್ತ ಪಡೆದ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಕೂಸಿನಲ್ಲಿ ಕೂಡ ಕಂಡಿತು. ಅದೇ ವರ್ಷ ಕಾಯಿಲೆಗೆ ಏಡ್ಸ್ ಎಂಬ ಹೆಸರು ನಿಂತಿತು. 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಫ್ರಾಂಸ್ವಾಸ್ ಬಾರೆ ಸಿನೂಸಿ ಮತ್ತು ಲುಕ್ ಮೊಂಟಾನ್ಯೆ ವೈರಸನ್ನು ಬೇರ್ಪಡಿಸಿದರು. 1986ರಿಂದ ಅದನ್ನು ಎಚ್‌ಐವಿ ಎಂದು ಕರೆಯಲಾಯಿತು. ಅವರಿಬ್ಬರಿಗೆ ನೊಬೆಲ್ ಬಂದದ್ದು 2008ರಲ್ಲಿ.

ಈ ವೈರಸ್ ಹರಡುವ ದಾರಿಗಳು ಬೆರಳೆಣಿಕೆಯವು. ರಕ್ತ, ವೀರ್ಯ, ಯೋನಿದ್ರವ, ಗುದದ್ವಾರದ ಒಳಪೊರೆಯ ದ್ರವ, ಎದೆಹಾಲು, ಇಷ್ಟರಲ್ಲೇ ಸೋಂಕು ಹಚ್ಚುವಷ್ಟು ವೈರಸ್ ಇರುತ್ತದೆ. ಬೆವರು, ಕಣ್ಣೀರು, ಎಂಜಲಿನಿಂದ ಅದು ಹರಡುವುದಿಲ್ಲ. ಒಂದೇ ತಟ್ಟೆಯಲ್ಲಿ ಉಣ್ಣುವುದು, ಒಂದೇ ಬಚ್ಚಲು ಬಳಸುವುದು, ಅಪ್ಪಿಕೊಳ್ಳುವುದು ಅಪಾಯವಲ್ಲ ಎಂಬುದು 1983ರ ಹೊತ್ತಿಗೇ ಸ್ಪಷ್ಟವಾಗಿತ್ತು. 1986ರಲ್ಲಿ ಪ್ರಕಟವಾದ ನ್ಯೂಯಾರ್ಕಿನ ಅಧ್ಯಯನವೊಂದಕ್ಕಾಗಿ ರೋಗಿಗಳ ಜೊತೆ ಒಂದೇ ಮನೆಯಲ್ಲಿ ಬದುಕುತ್ತಿದ್ದ 101 ಜನರನ್ನು ಪರೀಕ್ಷಿಸಿದರು. ಬಚ್ಚಲು, ಪಾತ್ರೆ, ಹಾಸಿಗೆ ಎಲ್ಲ ಹಂಚಿಕೊಂಡವರು ಅವರು. ಸೋಂಕು ಕಂಡದ್ದು ಒಂದೇ ಮಗುವಿನಲ್ಲಿ, ಅದಕ್ಕೂ ಬಹುಶಃ ಹೆರಿಗೆಯ ಕಾಲಕ್ಕೆ ತಾಯಿಯಿಂದಲೇ ಬಂದದ್ದು. ಸೊಳ್ಳೆಯ ಭಯಕ್ಕೂ ಆಧಾರವಿಲ್ಲ. ಸೊಳ್ಳೆಯ ದೇಹದಲ್ಲಿ ಎಚ್‌ಐವಿ ಬೆಳೆಯುವುದಿಲ್ಲ. ಕಚ್ಚುವಾಗ ಸೊಳ್ಳೆ ಒಳಕ್ಕೆ ಬಿಡುವುದು ತನ್ನ ಜೊಲ್ಲನ್ನು, ಹಿಂದೆ ಕುಡಿದವರ ರಕ್ತವನ್ನಲ್ಲ. ಇಷ್ಟೆಲ್ಲ ಗೊತ್ತಾದ ಮೇಲೂ ಶಾಲೆಯಿಂದ ಸೋಂಕಿತ ಮಕ್ಕಳನ್ನು ಹೊರಗಿಟ್ಟರು, ಸತ್ತವರ ಹೆಣ ಮುಟ್ಟಲು ಹಿಂಜರಿದರು. ವಿಜ್ಞಾನ ಹೇಳಿದ್ದು ಊರಿನ ಕಿವಿಗೆ ಬೀಳಲು ಬಹಳ ಕಾಲ ಬೇಕಾಯಿತು.

ಸುರಕ್ಷಿತ ಲೈಂಗಿಕತೆಯ ಮೊದಲ ಪಾಠ ಪ್ರಯೋಗಾಲಯದಿಂದ ಬರಲಿಲ್ಲ. 1983ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಮೈಕೆಲ್ ಕ್ಯಾಲನ್ ಮತ್ತು ರಿಚರ್ಡ್ ಬರ್ಕೋವಿಟ್ಸ್ ಎಂಬ ಇಬ್ಬರು ರೋಗಿಗಳು, ವೈದ್ಯ ಜೋಸೆಫ್ ಸೊನಬೆಂಡ್ ಅವರ ನೆರವಿನಿಂದ, ಸಾಂಕ್ರಾಮಿಕದ ನಡುವೆ ಲೈಂಗಿಕ ಜೀವನ ನಡೆಸುವ ಬಗೆಯನ್ನು ತಿಳಿಸುವ ಪುಟ್ಟ ಪುಸ್ತಕ ಹೊರತಂದರು. ಕಾಯಿಲೆಗೆ ಒಂದೇ ವೈರಸ್ ಕಾರಣ ಎಂಬುದನ್ನು ಅವರು ಒಪ್ಪಿರಲಿಲ್ಲ, ಹಲವು ಸೋಂಕುಗಳು ಒಟ್ಟು ಸೇರಿ ದೇಹ ಹಾಳಾಗುತ್ತದೆ ಎಂದು ನಂಬಿದ್ದರು. ಸಿದ್ಧಾಂತ ತಪ್ಪು, ಸಲಹೆ ಸರಿ: ವೀರ್ಯ ಇನ್ನೊಬ್ಬರ ದೇಹದೊಳಗೆ ಸೇರದಂತೆ ತಡೆಯಿರಿ, ಅದಕ್ಕೆ ಕಾಂಡೋಮ್ ಬಳಸಿ. ಅವರು ಕಾಮವನ್ನು ಬಿಡಿ ಎನ್ನಲಿಲ್ಲ, ಯಾವ ಕ್ರಿಯೆಯಲ್ಲಿ ಎಷ್ಟು ಅಪಾಯ ಎಂದು ವಿವರಿಸಿದರು. 'ಯಾರು' ಎಂಬ ಪ್ರಶ್ನೆಯ ಜಾಗಕ್ಕೆ 'ಏನು' ಎಂಬ ಪ್ರಶ್ನೆ ಬಂದದ್ದು ಅಲ್ಲಿಂದ.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಮದ್ರಾಸ್ ಮೆಡಿಕಲ್ ಕಾಲೇಜಿನ ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಲೈಂಗಿಕ ಕಾರ್ಯಕರ್ತೆಯರ ರಕ್ತದ ಮಾದರಿ ಸಂಗ್ರಹಿಸಿದರು. ಪರೀಕ್ಷೆ ನಡೆದದ್ದು ವೆಲ್ಲೂರಿನಲ್ಲಿ. ಆರು ಮಾದರಿಗಳಲ್ಲಿ ಸೋಂಕು ಇತ್ತು. ಇಲ್ಲಿಯೂ ಕಣ್ಣು ಹೋದದ್ದು 'ಯಾರು' ಎಂಬುದರ ಮೇಲೆಯೇ. ಆ ಹೆಂಗಸರಿಗೆ ಸೋಂಕು ತಂದ ಗಂಡಸರ ಕಡೆ ಬೆರಳು ತಿರುಗಲು ವರ್ಷಗಳೇ ಹಿಡಿದವು. ರಕ್ತನಿಧಿಗಳಲ್ಲಿ ಎಚ್‌ಐವಿ ಪರೀಕ್ಷೆ 1989ರಲ್ಲಿ ಕಡ್ಡಾಯವಾಯಿತು. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಹುಟ್ಟಿತು. ಸುಪ್ರೀಂ ಕೋರ್ಟಿನ ತೀರ್ಪಿನಂತೆ ಹಣಕ್ಕಾಗಿ ರಕ್ತ ಮಾರುವ ಪದ್ಧತಿ 1998ರ ಜನವರಿಯಿಂದ ನಿಂತಿತು.

ಕಾಂಡೋಮ್ ಭಾರತಕ್ಕೆ ಹೊಸದಲ್ಲ. 1968ರಲ್ಲೇ ಸರ್ಕಾರ 'ನಿರೋಧ್' ಮಾರತೊಡಗಿತು, ಮೂರಕ್ಕೆ ಹದಿನೈದು ಪೈಸೆ. ಚಹಾ, ಸೋಪು, ಸಿಗರೇಟು ಮಾರುವ ಕಂಪನಿಗಳ ಗಾಡಿಗಳಲ್ಲೇ ಅದು ಹಳ್ಳಿಯ ಅಂಗಡಿಗಳಿಗೆ ಹೋಯಿತು. ಆದರೆ ಅದರ ಮೇಲೆ ಇದ್ದದ್ದು ಕುಟುಂಬ ಯೋಜನೆಯ ಕೆಂಪು ತ್ರಿಕೋನ. ಜನರ ಮನಸ್ಸಿನಲ್ಲಿ ಅದು ಮಕ್ಕಳಾಗದಂತೆ ತಡೆಯುವ ಸಾಧನ, ಅಷ್ಟೇ. ಕರ್ನಾಟಕದಲ್ಲಿ ಹೆಚ್ಚಿನ ದಂಪತಿಗಳು ನೆಚ್ಚಿಕೊಂಡದ್ದು ಹೆಂಗಸರ ಆಪರೇಷನ್ನನ್ನು. ಆಪರೇಷನ್ ಆದ ಮೇಲೆ ಇನ್ನೇನು ಬೇಕು ಎಂಬ ಭಾವ. ಗಂಡನಿಗೆ ಸೋಂಕಿದ್ದರೆ ಹೆಂಡತಿಯ ಆಪರೇಷನ್ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ ಎಂಬುದನ್ನು ಹೇಳಿಕೊಡುವವರು ಇರಲಿಲ್ಲ. ಮನೆ ಬಿಟ್ಟು ಹೊರಗೆ ಹೋಗದ ಎಷ್ಟೋ ಗೃಹಿಣಿಯರಿಗೆ ಸೋಂಕು ತಗಲಿದ್ದು ಹೀಗೆ.

ಕಾಂಡೋಮಿಗೆ ಹೊಸ ಅರ್ಥ ಬಂದದ್ದು ಏಷ್ಯಾದ ಎರಡು ಪ್ರಯೋಗಗಳಿಂದ. ಥಾಯ್ಲೆಂಡಿನ ರಾಟ್ಚಬುರಿ ಪ್ರಾಂತ್ಯದಲ್ಲಿ 1989ರಲ್ಲಿ ಶುರುವಾಗಿ 1991ರಲ್ಲಿ ದೇಶಕ್ಕೆಲ್ಲ ಹರಡಿದ ಕಾರ್ಯಕ್ರಮದ ನಿಯಮ ಸರಳ: ಯಾವ ವೇಶ್ಯಾಗೃಹದಲ್ಲಿಯೂ ಕಾಂಡೋಮ್ ಇಲ್ಲದೆ ಸೇವೆ ಇಲ್ಲ. ಗಿರಾಕಿಗೆ ಬೇರೆ ಕಡೆ ಹೋಗುವ ದಾರಿ ಮುಚ್ಚಿತು. ವೇಶ್ಯಾವೃತ್ತಿಯಲ್ಲಿ ಕಾಂಡೋಮ್ ಬಳಕೆ ಶೇಕಡ 14ರಿಂದ 94ಕ್ಕೆ ಏರಿತು, ಗಂಡಸರ ಲೈಂಗಿಕ ರೋಗಗಳು ಐದರಲ್ಲಿ ಒಂದು ಪಾಲಿಗೆ ಇಳಿದವು. ಕೋಲ್ಕತ್ತದ ಸೋನಾಗಾಚಿ ಎಂಬ ವೇಶ್ಯಾವಾಟಿಕೆಯಲ್ಲಿ 1992ರಲ್ಲಿ ಡಾಕ್ಟರ್ ಸ್ಮರಜಿತ್ ಜಾನಾ ಹಿಡಿದ ದಾರಿ ಬೇರೆ. ಲೈಂಗಿಕ ಕಾರ್ಯಕರ್ತೆಯರೇ ತಮ್ಮವರಿಗೆ ಪಾಠ ಹೇಳಿದರು. ಸಾಲ ಕೊಟ್ಟವನ ಬಡ್ಡಿ ತಲೆಯ ಮೇಲಿದ್ದವಳು ಕಾಂಡೋಮ್ ಒಲ್ಲದ ಗಿರಾಕಿಯನ್ನು ವಾಪಸು ಕಳಿಸಲಾರಳು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ 1995ರಲ್ಲಿ ಅವರದೇ ಸಹಕಾರಿ ಬ್ಯಾಂಕು ತೆರೆಯಿತು. ರೋಗ ತಡೆಯುವ ಕೆಲಸದಲ್ಲಿ ಉಳಿತಾಯ ಖಾತೆಗೂ ಪಾತ್ರವಿದೆ ಎಂಬುದನ್ನು ವೈದ್ಯಕೀಯ ಪಠ್ಯಗಳು ಅಷ್ಟಾಗಿ ಹೇಳುವುದಿಲ್ಲ.

ಮೈಸೂರಿನಲ್ಲಿ ಪರಿಸ್ಥಿತಿ ಇನ್ನೊಂದು ಬಗೆ. ಅಲ್ಲಿ ಸೋನಾಗಾಚಿಯಂಥ ಒಂದು ಬೀದಿ ಇಲ್ಲ. ಬಸ್ ನಿಲ್ದಾಣ, ಲಾಡ್ಜು, ಮನೆ, ಮೊಬೈಲ್ ಫೋನು ಎಂದು ಕೆಲಸ ಚದುರಿಹೋಗಿತ್ತು. 2000ದ ದಶಕದ ನಡುವೆ ಕಟ್ಟಿಕೊಂಡ ಆಶೋದಯ ಸಮಿತಿಯ ಕಾರ್ಯಕರ್ತೆಯರು ಈ ಜಾಗಗಳಿಗೇ ಹೋಗಿ ತಮ್ಮವರನ್ನು ಹುಡುಕಿ, ಕಾಂಡೋಮ್ ಕೊಟ್ಟು, ತಪಾಸಣೆಗೆ ಕರೆತಂದರು. ಸೋಂಕಿನ ಹೊರೆ ಹೆಚ್ಚಾಗಿದ್ದ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ದೇವದಾಸಿ ಕುಟುಂಬಗಳ ಹೆಂಗಸರ ಸಂಘಗಳು ಇಂಥದೇ ಕೆಲಸ ಮಾಡಿದವು.

ಕಾಂಡೋಮನ್ನು ಸರಿಯಾಗಿ, ಪ್ರತಿ ಸಲವೂ ಬಳಸಿದರೆ ಎಚ್‌ಐವಿ ಹರಡುವುದು ಸುಮಾರು ಶೇಕಡ 80ರಷ್ಟು ತಗ್ಗುತ್ತದೆ ಎಂದು ದಂಪತಿಗಳ ಅಧ್ಯಯನಗಳು ಹೇಳುತ್ತವೆ. ಉಳಿದ ಪಾಲಿಗೆ ಬಹಳ ಮಟ್ಟಿಗೆ ಬಳಕೆಯ ಲೋಪವೇ ಕಾರಣ. ಪೊಟ್ಟಣದ ಮೇಲಿನ ಅವಧಿ ಮುಗಿದಿರಬಾರದು. ತಿಂಗಳುಗಟ್ಟಲೆ ಪರ್ಸಿನಲ್ಲಿ ಇಟ್ಟು ಮೈಬಿಸಿಗೆ ಸವೆದದ್ದು ಹರಿಯುತ್ತದೆ. ಹಲ್ಲಿನಿಂದ, ಕತ್ತರಿಯಿಂದ ಬಿಡಿಸಬಾರದು. ತುದಿಯನ್ನು ಎರಡು ಬೆರಳಲ್ಲಿ ಹಿಸುಕಿ ಗಾಳಿ ತೆಗೆದು, ನಿಮಿರಿದ ಶಿಶ್ನದ ಮೇಲೆ ಬುಡದ ತನಕ ಬಿಡಿಸಬೇಕು. ಸಂಭೋಗದ ನಡುವೆ ಹಾಕಿಕೊಂಡರೆ ತಡವಾದಂತೆ. ಸ್ಖಲನವಾದ ಕೂಡಲೇ ಬುಡವನ್ನು ಹಿಡಿದುಕೊಂಡು ಹೊರತೆಗೆಯಬೇಕು. ಎರಡೆರಡು ಹಾಕಿಕೊಂಡರೆ ಭದ್ರ ಎಂಬುದು ಸುಳ್ಳು, ಉಜ್ಜಿ ಹರಿಯುವುದೇ ಹೆಚ್ಚು. ಕೈಗೆ ಸುಲಭವಾಗಿ ಸಿಗುವ ತೆಂಗಿನೆಣ್ಣೆ, ವ್ಯಾಸಲೀನ್‌ ಲ್ಯಾಟೆಕ್ಸ್ ರಬ್ಬರನ್ನು ನಿಮಿಷಗಳಲ್ಲೇ ದುರ್ಬಲಗೊಳಿಸುತ್ತವೆ. ಜಾರುವಿಕೆಗೆ ನೀರಿನ ಅಂಶದ ಜೆಲ್ ಬಳಸಬೇಕು.

ಯಾವ ಕ್ರಿಯೆಯಲ್ಲಿ ಎಷ್ಟು ಅಪಾಯ ಎಂಬ ಅಂದಾಜು ಮೂರು ದಶಕಗಳ ಅಧ್ಯಯನಗಳಿಂದ ಕೂಡಿಬಂದಿದೆ. ಚಿಕಿತ್ಸೆ ಪಡೆಯದ ಸೋಂಕಿತರೊಡನೆ ಕಾಂಡೋಮ್ ಇಲ್ಲದೆ ಹತ್ತು ಸಾವಿರ ಸಲ ಕೂಡಿದರೆ ಎಂದು ಲೆಕ್ಕ ಹಾಕುತ್ತಾರೆ. ಯೋನಿ ಸಂಭೋಗದಲ್ಲಿ ಹೆಣ್ಣಿಗೆ ಸೋಂಕು ತಗಲುವ ಸಾಧ್ಯತೆ ಸುಮಾರು 8 ಸಲ, ಗಂಡಿಗೆ 4 ಸಲ. ಗುದ ಸಂಭೋಗದಲ್ಲಿ ಸ್ವೀಕರಿಸುವವರಿಗೆ 138 ಸಲ, ಅಲ್ಲಿನ ಒಳಪೊರೆ ಒಂದೇ ಪದರದ ಕೋಶಗಳದ್ದಾದ್ದರಿಂದ. ಬಾಯಿಯ ಮೂಲಕ ಅಪಾಯ ತೀರಾ ಕಡಿಮೆ. ಸೂಜಿ ಹಂಚಿಕೊಂಡರೆ 63. ಸೋಂಕಿತ ರಕ್ತವನ್ನೇ ಏರಿಸಿದರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನರಿಗೆ ತಗಲುತ್ತದೆ. ಈ ಅಂಕಿಗಳನ್ನು ಕಂಡು 'ಇಷ್ಟೇನಾ' ಎಂದುಕೊಳ್ಳುವಂತಿಲ್ಲ. ಇವು ಸರಾಸರಿ. ಸಿಫಿಲಿಸ್ ಅಥವಾ ಹರ್ಪಿಸ್ ಹುಣ್ಣಿದ್ದರೆ ಅಪಾಯ ಹಲವು ಪಟ್ಟು ಏರುತ್ತದೆ. ಸೋಂಕು ತಗಲಿದ ಮೊದಲ ವಾರಗಳಲ್ಲಿ ರಕ್ತದಲ್ಲಿ ವೈರಸ್ ತುಂಬಿ ತುಳುಕುತ್ತಿರುತ್ತದೆ, ಸಾಮಾನ್ಯ ಪರೀಕ್ಷೆಯಲ್ಲಿ ಮಾತ್ರ ಇನ್ನೂ ಕಾಣುವುದಿಲ್ಲ. ಒಂದೇ ಸಲಕ್ಕೆ ತಗಲಿಸಿಕೊಂಡವರೂ ಇದ್ದಾರೆ.

ಅಪಾಯದ ಮೂಲ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ ಎಂಬ ಸುಳಿವು ಸಿಕ್ಕಿದ್ದು ತಾಯಂದಿರಿಂದ. ಗರ್ಭಿಣಿಯರಿಗೆ ಎಜೆಡ್‌ಟಿ ಔಷಧಿ ಕೊಟ್ಟರೆ ಮಗುವಿಗೆ ಸೋಂಕು ದಾಟುವುದು ಶೇಕಡ 25.5ರಿಂದ 8.3ಕ್ಕೆ ಇಳಿಯುತ್ತದೆಂದು 1994ರ ಪ್ರಯೋಗ ತೋರಿಸಿತು. 1996ರಿಂದ ಮೂರು ಔಷಧಿಗಳನ್ನು ಜೊತೆಗೂಡಿಸಿ ಕೊಡುವ ಚಿಕಿತ್ಸೆ ಬಂದು ಸಾವು ಇಳಿಯಿತು, ಬೆಲೆ ಮಾತ್ರ ವರ್ಷಕ್ಕೆ ಹತ್ತು ಸಾವಿರ ಡಾಲರಿನ ಆಸುಪಾಸಿನಲ್ಲಿತ್ತು. 2001ರಲ್ಲಿ ಮುಂಬಯಿಯ ಸಿಪ್ಲಾ ಅದನ್ನು 350 ಡಾಲರಿಗೆ ಕೊಡಲು ಮುಂದಾಯಿತು. 2004ರ ಏಪ್ರಿಲ್ 1ರಿಂದ ಭಾರತದ ಎಂಟು ಸರ್ಕಾರಿ ಆಸ್ಪತ್ರೆಗಳಲ್ಲಿ ಎಆರ್‌ಟಿ ಎಂದು ಕರೆಯುವ ಈ ಚಿಕಿತ್ಸೆ ಉಚಿತವಾಗಿ ಶುರುವಾಯಿತು. ಬೆಂಗಳೂರಿನ ಬೌರಿಂಗ್ ಅವುಗಳಲ್ಲಿ ಒಂದು.

ಸರಿಯಾಗಿ ಮಾತ್ರೆ ತೆಗೆದುಕೊಂಡು ವೈರಸ್ ಅಡಗಿದವರಿಂದ ಲೈಂಗಿಕವಾಗಿ ಸೋಂಕು ಹರಡುವುದಿಲ್ಲ ಎಂದು ಸ್ವಿಟ್ಜರ್ಲೆಂಡಿನ ವೈದ್ಯರು 2008ರಲ್ಲಿ ಹೇಳಿದಾಗ ದೊಡ್ಡ ಗದ್ದಲವಾಯಿತು. ಒಂಬತ್ತು ದೇಶಗಳ 1,763 ದಂಪತಿಗಳ ಅಧ್ಯಯನ, ಪುಣೆ ಮತ್ತು ಚೆನ್ನೈಯ ಜೋಡಿಗಳೂ ಅದರಲ್ಲಿದ್ದವು, ಬೇಗ ಚಿಕಿತ್ಸೆ ಕೊಟ್ಟರೆ ಸಂಗಾತಿಗೆ ಹರಡುವುದು ಶೇಕಡ 96ರಷ್ಟು ತಪ್ಪುತ್ತದೆಂದು 2011ರಲ್ಲಿ ತಿಳಿಸಿತು. 2016ರ ಯುರೋಪಿನ ಅಧ್ಯಯನದಲ್ಲಿ ಕಾಂಡೋಮ್ ಇಲ್ಲದ 58,000 ಸಂಭೋಗಗಳ ಲೆಕ್ಕ ಸಿಕ್ಕಿತು. ಚಿಕಿತ್ಸೆಯಲ್ಲಿದ್ದ ಸಂಗಾತಿಯಿಂದ ಸೋಂಕು ಬಂದದ್ದು ಒಮ್ಮೆಯೂ ಇಲ್ಲ. ಹೊಸದಾಗಿ ಸೋಂಕು ತಗಲಿದ ಹನ್ನೊಂದು ಜನರಿಗೆ ಅದು ಬಂದದ್ದು ಹೊರಗಿನವರಿಂದ ಎಂದು ವೈರಸ್ಸಿನ ವಂಶವಾಹಿ ಪರೀಕ್ಷೆ ತೋರಿಸಿತು. ವೈರಸ್ ಪತ್ತೆಯಾಗದಷ್ಟು ಇಳಿದರೆ ಹರಡುವುದಿಲ್ಲ ಎಂಬುದು ಇಂದು ವೈದ್ಯಲೋಕ ಒಪ್ಪಿದ ಮಾತು. ಇದು ಲೈಂಗಿಕ ಸಂಪರ್ಕಕ್ಕೆ ಸಂಬಂಧಿಸಿದ ಮಾತು, ಮಾತ್ರೆ ಬಿಟ್ಟರೆ ವೈರಸ್ ಮತ್ತೆ ಏರುತ್ತದೆ. ಸಿಫಿಲಿಸ್, ಗೊನೊರಿಯಾ, ಬೇಡದ ಗರ್ಭ ಇವನ್ನು ಈ ಮಾತ್ರೆ ತಡೆಯುವುದಿಲ್ಲ, ಕಾಂಡೋಮ್ ತಡೆಯುತ್ತದೆ.

ಸೋಂಕಿಲ್ಲದವರು ಮುಂಚಿತವಾಗಿ ನುಂಗುವ ಮಾತ್ರೆ ಪ್ರೆಪ್. ಅಮೆರಿಕ ಅದಕ್ಕೆ 2012ರಲ್ಲಿ ಅನುಮತಿ ಕೊಟ್ಟಿತು. ಭಾರತದಲ್ಲಿ ಅದನ್ನು ಮೊದಮೊದಲು ಪ್ರಾಯೋಗಿಕವಾಗಿ ಕೊಟ್ಟ ಕಡೆಗಳು ಕೋಲ್ಕತ್ತದ ಸೋನಾಗಾಚಿ ಮತ್ತು ಮೈಸೂರಿನ ಆಶೋದಯ. ಕಾಂಡೋಮ್ ಹರಿದರೆ, ಅತ್ಯಾಚಾರವಾದರೆ, ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದರೆ ಬೇರೊಂದು ದಾರಿಯಿದೆ: 72 ಗಂಟೆಯೊಳಗೆ, ಆದಷ್ಟು ಬೇಗ ಶುರುಮಾಡಿ 28 ದಿನ ನುಂಗುವ ಪೆಪ್. ಮೂರು ದಿನ ಕಾದು ನೋಡೋಣ ಎಂದವರಿಗೆ ಅದು ದಕ್ಕುವುದಿಲ್ಲ. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರದಲ್ಲಿ ಪರೀಕ್ಷೆ ಉಚಿತ, ಜೊತೆಗೆ ಆಪ್ತ ಸಮಾಲೋಚಕರ ಮಾತು. 1097 ಉಚಿತ ಸಹಾಯವಾಣಿ. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಕಾಯ್ದೆಯಂತೆ ಒಪ್ಪಿಗೆ ಇಲ್ಲದೆ ಪರೀಕ್ಷಿಸುವುದು, ಫಲಿತಾಂಶ ಹೊರಗೆಡಹುವುದು, ಸೋಂಕಿನ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ.

ಇತ್ತೀಚಿನ ಬೆಳವಣಿಗೆ ಲೆನಾಕಪವಿರ್ ಎಂಬ ಚುಚ್ಚುಮದ್ದು, ಆರು ತಿಂಗಳಿಗೊಮ್ಮೆ. ದಕ್ಷಿಣ ಆಫ್ರಿಕಾ ಮತ್ತು ಉಗಾಂಡದಲ್ಲಿ ಇದನ್ನು ಪಡೆದ 2,134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲ ಎಂದು 2024ರಲ್ಲಿ ವರದಿಯಾಯಿತು. ದಿನಾ ಮಾತ್ರೆ ನುಂಗುವುದನ್ನು ಮನೆಯವರ ಕಣ್ಣಿನಿಂದ ಮುಚ್ಚಿಡಲಾಗದ ಹೆಂಗಸರಿಗೆ ವರ್ಷಕ್ಕೆ ಎರಡು ಸೂಜಿ ದೊಡ್ಡ ಅನುಕೂಲ. ಹೈದರಾಬಾದಿನ ಎರಡು ಕಂಪನಿಗಳು 2027ರಿಂದ ಇದನ್ನು ಬಡ ಹಾಗೂ ಮಧ್ಯಮ ಆದಾಯದ ದೇಶಗಳಿಗೆ ವರ್ಷಕ್ಕೆ ಸುಮಾರು 40 ಡಾಲರಿಗೆ ಒದಗಿಸುವುದಾಗಿ 2025ರಲ್ಲಿ ಘೋಷಿಸಿವೆ. ಮಾತ್ರೆಯಾಗಲಿ ಚುಚ್ಚುಮದ್ದಾಗಲಿ, ಶುರು ಮಾಡುವ ಮೊದಲು ಎಚ್‌ಐವಿ ಪರೀಕ್ಷೆ ಆಗಲೇಬೇಕು. ಸೋಂಕು ಆಗಲೇ ಇದ್ದವರಿಗೆ ತಡೆಗಟ್ಟುವ ಔಷಧಿಯನ್ನಷ್ಟೇ ಕೊಟ್ಟರೆ ವೈರಸ್ ಆ ಔಷಧಿಗೆ ಪಳಗಿಬಿಡುತ್ತದೆ, ಮುಂದಿನ ಚಿಕಿತ್ಸೆ ಕಷ್ಟವಾಗುತ್ತದೆ.