ಡಬ್ಬಿ ಬಂತು, ವಾರಂಟಿ ಬಂತಾ?

ಇವತ್ತು ರಾಜಕೀಯ ಬೇಡ. ಯಾರು ಯಾರನ್ನ ಭೇಟಿಯಾದ್ರು, ಯಾರು ಯಾರ ಮೇಲೆ ಮುನಿಸಿಕೊಂಡ್ರು ಅನ್ನೋದನ್ನ ನಾಳೆ ಮಾತಾಡಿದರೂ ನಡೆಯುತ್ತೆ. ಪಿಯುಸಿ ಮುಗಿದು, ಸೀಟು ಸಿಕ್ಕು, ಕಾಲೇಜು ಶುರುವಾಗುವ ಈ ಹೊತ್ತಲ್ಲಿ ಸಾವಿರಾರು ಮನೆಗಳಲ್ಲಿ ಒಂದು ದೊಡ್ಡ ಖರೀದಿ ನಡೀತಿದೆ. ಅದು ಲ್ಯಾಪ್‌ಟಾಪ್. ಅದರ ಬಗ್ಗೆ ಮಾತಾಡೋಣ.

ಗದಗ ತಾಲೂಕಿನ ಹಿರೇಹಂದಿಗೋಳದ ಒಂದು ರೈತರ ಮನೆ ಅಂದ್ಕೊಳ್ಳಿ. ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. 50 ಸಾವಿರ ರೂಪಾಯಿಯ ಲ್ಯಾಪ್‌ಟಾಪ್ ಬೇಕು. ಈ 50 ಸಾವಿರ ಅಂದ್ರೆ ಎಷ್ಟು ಗೊತ್ತಾ? 2025-26ಕ್ಕೆ ಕೇಂದ್ರ ಸರ್ಕಾರ ಹೆಸರು ಕಾಳಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 8,768 ರೂಪಾಯಿ. ಆ ಬೆಲೆ ಪೂರ್ತಿ ಕೈಗೆ ಸಿಕ್ಕರೂ ಹೆಚ್ಚೂಕಡಿಮೆ ಆರು ಕ್ವಿಂಟಲ್ ಹೆಸರು ಮಾರಬೇಕು. ಮಳೆ ಕೈಕೊಟ್ಟ ವರ್ಷ ಆರು ಕ್ವಿಂಟಲ್ ಬೆಳೆಯೋದು ಎಷ್ಟು ಕಷ್ಟ ಅಂತ ಆ ಭಾಗದವರಿಗೆ ನಾನು ಹೇಳಬೇಕಾಗಿಲ್ಲ.

ಮಗಳು ಮೊಬೈಲಲ್ಲೇ ಆರ್ಡರ್ ಮಾಡ್ತಾಳೆ. ಅಪ್ಪ ಕೇಳ್ತಾನೆ, ‘ಕೆಟ್ರ ಹ್ಯಾಂಗವಾ?’ ಮಗಳು ಹೇಳ್ತಾಳೆ, ‘ಒಂದ್ ವರ್ಷ ವಾರಂಟಿ ಐತ್ಯಪ್ಪಾ.’ ಅಲ್ಲಿಗೆ ಮಾತು ಮುಗೀತು. ಆದ್ರೆ ವಾರಂಟಿಯ ನಿಜವಾದ ಮಾತು ಶುರುವಾಗಬೇಕಾದದ್ದೇ ಅಲ್ಲಿಂದ. ವಾರಂಟಿ ಐತಿ ಸರಿ. ಯಾರದು? ಯಾವಾಗಿನಿಂದ? ಎಲ್ಲಿ? ಯಾವುದಕ್ಕೆ? ಈ ನಾಲ್ಕು ಪ್ರಶ್ನೆ ಕೇಳದೆ ದುಡ್ಡು ಕಟ್ಟಬೇಡಿ.

ಮೊದಲನೇದು, ಯಾರದು? ಆನ್‌ಲೈನ್ ಖರೀದಿಯಲ್ಲಿ ಮೂರು ಜನ ಇರ್ತಾರೆ. ಲ್ಯಾಪ್‌ಟಾಪ್ ತಯಾರಿಸಿದ ಕಂಪನಿ ಒಂದು. ಅದನ್ನ ಮಾರುವ ವ್ಯಾಪಾರಿ ಇನ್ನೊಬ್ಬ. ಇವರಿಬ್ಬರಿಗೆ ಅಂಗಡಿಕಟ್ಟೆ ಹಾಕಿಕೊಟ್ಟ ಆ್ಯಪು ಮೂರನೇದು. ನೀವು ದುಡ್ಡು ಕೊಡೋದು ಆ್ಯಪಿಗೆ, ಬಿಲ್ ಬರೋದು ವ್ಯಾಪಾರಿಯ ಹೆಸರಲ್ಲಿ, ರಿಪೇರಿ ಮಾಡಬೇಕಾದವರು ಕಂಪನಿಯವರು. ಆದ್ದರಿಂದ ಪುಟದಲ್ಲಿ ‘ತಯಾರಕರ ವಾರಂಟಿ’ ಅಂತಿದೆಯೋ, ‘ಮಾರಾಟಗಾರರ ವಾರಂಟಿ’ ಅಂತಿದೆಯೋ ನೋಡಿ. ಮಾರಾಟಗಾರರ ವಾರಂಟಿ ಅಂದ್ರೆ ಕಂಪನಿಯ ಸರ್ವಿಸ್ ಸೆಂಟರ್ ಅದಕ್ಕೆ ಕಟ್ಟುಬೀಳಬೇಕಾಗಿಲ್ಲ. ಆ ವ್ಯಾಪಾರಿ ಆರು ತಿಂಗಳಲ್ಲಿ ಅಂಗಡಿ ಮುಚ್ಚಿದರೆ ವಾರಂಟಿಯನ್ನ ಯಾರ ಮುಂದೆ ಹಿಡೀತೀರಿ? ರಿಫರ್ಬಿಶ್ಡ್ ಮಾಲು, ಅಂದ್ರೆ ಒಮ್ಮೆ ಬಳಸಿ ಸರಿಮಾಡಿ ಮಾರುವ ಲ್ಯಾಪ್‌ಟಾಪು, ಮತ್ತೆ ಹೊರದೇಶದಿಂದ ತರಿಸಿ ಅಗ್ಗಕ್ಕೆ ಮಾರುವ ಮಾಲು, ಇವೆರಡರಲ್ಲಿ ಈ ಗೊಂದಲ ಜಾಸ್ತಿ.

ಎರಡನೇದು, ಯಾವಾಗಿನಿಂದ? ಬಿಲ್ಲಿನ ತಾರೀಖಿನಿಂದ ಅಂತ ನಾವು ಅಂದ್ಕೊಂಡಿರ್ತೀವಿ. ಆದ್ರೆ ಕಂಪನಿಯ ಕಂಪ್ಯೂಟರಲ್ಲಿ ಮಾಲು ಗೋದಾಮಿನಿಂದ ಹೊರಟ ತಾರೀಖು ದಾಖಲಾಗಿರಬಹುದು. ಗೋದಾಮಲ್ಲಿ ನಾಲ್ಕು ತಿಂಗಳು ಕೂತ ಮಾಲಾದರೆ ನಿಮ್ಮ ಹನ್ನೆರಡು ತಿಂಗಳು ಎಂಟಕ್ಕೆ ಇಳೀತು. ಇದಕ್ಕೆ ಮದ್ದು ಸುಲಭ. ಲ್ಯಾಪ್‌ಟಾಪಿನ ಅಡಿಯಲ್ಲಿ, ಡಬ್ಬಿಯ ಮೇಲೆ ಸೀರಿಯಲ್ ನಂಬರ್ ಇರುತ್ತೆ. ಅದು ಬಿಲ್ಲಿನಲ್ಲಿದ್ದರೆ ಎರಡೂ ಒಂದೇನಾ ನೋಡಿ. ಆಮೇಲೆ ಆ ನಂಬರನ್ನ ಕಂಪನಿಯ ವೆಬ್‌ಸೈಟಲ್ಲಿ ಹಾಕಿ. ವಾರಂಟಿ ಯಾವತ್ತು ಮುಗಿಯುತ್ತೆ ಅಂತ ತೋರಿಸುತ್ತೆ. ತಾರೀಖು ತಪ್ಪಿದ್ದರೆ ಬಿಲ್ ಕಳಿಸಿ ತಿದ್ದಿಸಿ. ಈ ಕೆಲಸ ಡಬ್ಬಿ ಒಡೆದ ದಿನವೇ ಆಗಬೇಕು. ಡಬ್ಬಿ ಒಡೆಯುವಾಗ ಒಂದು ವಿಡಿಯೊ ಮಾಡಿಟ್ಟುಕೊಳ್ಳಿ. ಬಿಲ್ಲಿನ ಫೋಟೊ ಮೂರು ಕಡೆ ಇರಲಿ.

ಮೂರನೇದು, ಎಲ್ಲಿ? ನನಗೆ ಅತಿ ಹೆಚ್ಚು ಸಿಟ್ಟು ಬರೋದು ಈ ಪ್ರಶ್ನೆಗೆ. ವಾರಂಟಿಯಲ್ಲಿ ಎರಡು ಜಾತಿ. ಮೆಕ್ಯಾನಿಕ್ ಮನೆಗೆ ಬಂದು ರಿಪೇರಿ ಮಾಡೋದು ಆನ್‌ಸೈಟ್. ನಾವೇ ಹೊತ್ತುಕೊಂಡು ಹೋಗಬೇಕಾದ್ದು ಕ್ಯಾರಿ-ಇನ್. ಕ್ಯಾರಿ-ಇನ್ ಅಂತ ಬರೆದ ಲ್ಯಾಪ್‌ಟಾಪಿಗೆ ಬೆಂಗಳೂರಿನ ಹುಡುಗ ಮೆಟ್ರೊ ಹತ್ತಿ ಹೋಗಿ ಬರ್ತಾನೆ. ಹಿರೇಹಂದಿಗೋಳದ ಹುಡುಗಿಯ ಕಂಪನಿಗೆ ಗದಗಿನಲ್ಲಿ ಸೆಂಟರ್ ಇಲ್ಲದಿದ್ದರೆ ಹುಬ್ಬಳ್ಳಿ ಬಸ್ ಹತ್ತಬೇಕು. ಕೊಡೋಕೆ ಒಂದು ದಿನ, ತರೋಕೆ ಒಂದು ದಿನ. ಅಪ್ಪನೂ ಜೊತೆಗೆ ಹೋದರೆ ಎರಡು ದಿನದ ಹೊಲದ ಕೆಲಸ ಹೋಯ್ತು. ಇನ್ನು ಆನ್‌ಸೈಟ್ ಅಂತ ಬರೆದಿದ್ದರೂ ಸಣ್ಣ ಅಕ್ಷರದಲ್ಲಿ ‘ಆಯ್ದ ಪಿನ್‌ಕೋಡ್‌ಗಳಿಗೆ ಮಾತ್ರ’ ಅಂತ ಇರಬಹುದು. ಡೆಲಿವರಿಗೆ ನಮ್ಮೂರ ಪಿನ್‌ಕೋಡ್ ಗೊತ್ತು, ರಿಪೇರಿಗೆ ಗೊತ್ತಿಲ್ಲ. ಇಬ್ಬರೂ ಕೊಟ್ಟ ಬೆಲೆ ಒಂದೇ, ಸಿಕ್ಕ ವಾರಂಟಿ ಬೇರೆ ಬೇರೆ. ಆದ್ದರಿಂದ ಕೊಳ್ಳುವ ಮೊದಲೇ ಕಂಪನಿಯ ವೆಬ್‌ಸೈಟಲ್ಲಿ ನಿಮ್ಮ ಪಿನ್‌ಕೋಡ್ ಹಾಕಿ ಹತ್ತಿರದ ಸೆಂಟರ್ ಎಲ್ಲಿದೆ ನೋಡಿ. ಸಾವಿರ ರೂಪಾಯಿ ಅಗ್ಗ ಸಿಕ್ಕ ಬ್ರ್ಯಾಂಡಿಗಿಂತ ಹತ್ತಿರದಲ್ಲಿ ಸೆಂಟರ್ ಇರುವ ಬ್ರ್ಯಾಂಡೇ ಲಾಭ ಆಗಬಹುದು.

ನಾಲ್ಕನೇದು, ಯಾವುದಕ್ಕೆ? ಎಂಜಿನಿಯರಿಂಗ್ ಓದಿದವನಾಗಿ ಇದನ್ನ ಸರಳವಾಗಿ ಹೇಳ್ತೀನಿ. ವಾರಂಟಿ ಅನ್ನೋದು ತಯಾರಿಕೆಯ ದೋಷಕ್ಕೆ. ಮದರ್‌ಬೋರ್ಡ್ ತಾನಾಗಿ ಸತ್ತರೆ ಕಂಪನಿಯ ಹೊಣೆ. ಚಹಾ ಚೆಲ್ಲಿದರೆ, ಕೈಜಾರಿ ಬಿದ್ದು ಪರದೆ ಒಡೆದರೆ ನಮ್ಮ ಹೊಣೆ. ಕರೆಂಟಿನ ಏರಿಳಿತದಿಂದ ಸುಟ್ಟರೂ ಎಷ್ಟೋ ಕಂಪನಿಗಳು ಕೈಯೆತ್ತುತ್ತವೆ. ಹಳ್ಳಿಯ ಕರೆಂಟ್ ಹೇಗೆ ಬರುತ್ತೆ, ಹೇಗೆ ಹೋಗುತ್ತೆ ನಿಮಗೇ ಗೊತ್ತು, ಒಳ್ಳೆಯ ಸರ್ಜ್ ಪ್ರೊಟೆಕ್ಟರ್ ಹಾಕಿ. ಲ್ಯಾಪ್‌ಟಾಪಿಗೆ ಎರಡು-ಮೂರು ವರ್ಷ ಇದ್ದರೂ ಬ್ಯಾಟರಿಗೆ ಸಾಮಾನ್ಯವಾಗಿ ಒಂದೇ ವರ್ಷ. ಒಳಗಿರುವ ಪ್ರಾಜೆಕ್ಟು, ಫೋಟೊ, ನೋಟ್ಸುಗಳಿಗೆ ಯಾವ ವಾರಂಟಿಯೂ ಇಲ್ಲ. ರಿಪೇರಿಗೆ ಕೊಡುವ ಮೊದಲು ಇನ್ನೊಂದು ಕಡೆ ನಕಲು ಇರಲೇಬೇಕು.

ದುಡ್ಡು ಕಟ್ಟುವ ಕೊನೇ ಗಳಿಗೆಯಲ್ಲಿ ಆ್ಯಪು ಕೇಳುತ್ತೆ, ‘ಇನ್ನೊಂದಿಷ್ಟು ಕೊಡಿ, ಪೂರ್ತಿ ರಕ್ಷಣೆ ಪಡೀರಿ.’ ಅದು ಕಂಪನಿಯೇ ಕೊಡುವ ಹೆಚ್ಚುವರಿ ವಾರಂಟಿಯಾ, ಬೇರೆ ಸಂಸ್ಥೆಯ ಪ್ಲಾನಾ, ಬಿದ್ದು ಒಡೆದರೂ ಬರುತ್ತಾ, ಓದಿ ನೋಡಿ. ಗ್ಯಾರಂಟಿ ಅಂದ ಕೂಡಲೇ ನಮಗೆ ವಿಧಾನಸೌಧ ನೆನಪಾಗುತ್ತೆ. ಅಲ್ಲಿಯ ಗ್ಯಾರಂಟಿಗೆ ಷರತ್ತು ಏನು ಅಂತ ಕಟ್ಟೆ ಮೇಲೆ ಕೂತು ಗಂಟೆಗಟ್ಟಲೆ ಚರ್ಚೆ ಮಾಡ್ತೀವಿ. ನಮ್ಮದೇ ದುಡ್ಡು ಕೊಟ್ಟ ವಾರಂಟಿಯ ಷರತ್ತು ಓದೋಕೆ ಹತ್ತು ನಿಮಿಷ ಕೊಡಲ್ಲ ಅಂದ್ರೆ ಹೇಗೆ?

ಸರಿ, ಎಲ್ಲ ನೋಡಿಯೇ ಕೊಂಡ್ರಿ. ಆದ್ರೂ ಮಾಲು ಕೆಟ್ಟಿದೆ. ‘ಇದು ವಾರಂಟಿಯೊಳಗ ಬರಂಗಿಲ್ರಿ’ ಅಂದುಬಿಟ್ರು. ಮುಂದೇನು? ಮೊದಲು ಆ ಮಾತನ್ನ ಕಾಗದದಲ್ಲಿ ಅಥವಾ ಇ-ಮೇಲಲ್ಲಿ ಕಾರಣ ಸಮೇತ ಕೇಳಿ. ಬಾಯಿಮಾತಿಗೆ ಬೆಲೆ ಇಲ್ಲ. ಆಮೇಲೆ ನಿಮ್ಮ ಬೆನ್ನಿಗೆ ಕಾನೂನು ಇದೆ ಅನ್ನೋದು ನೆನಪಿರಲಿ. 2020ರ ಜುಲೈನಲ್ಲಿ ಜಾರಿಗೆ ಬಂದ ಇ-ಕಾಮರ್ಸ್ ನಿಯಮಗಳ ಪ್ರಕಾರ ಪ್ರತಿ ಆ್ಯಪಿಗೂ ಒಬ್ಬ ಕುಂದುಕೊರತೆ ಅಧಿಕಾರಿ ಇರಲೇಬೇಕು. ದೂರು ಬಂದ 48 ಗಂಟೆಯೊಳಗೆ ಬಂದಿದೆ ಅಂತ ಒಪ್ಪಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ವಾರಂಟಿ ವಿವರವನ್ನ ಖರೀದಿಗೆ ಮೊದಲೇ ಗ್ರಾಹಕನ ಕಣ್ಣಿಗೆ ಬೀಳುವಂತೆ ತೋರಿಸಬೇಕು. ದೋಷ ಇರುವ ಮಾಲನ್ನ ವಾಪಸ್ ತಗೊಳ್ಳಲ್ಲ ಅಂತ ವ್ಯಾಪಾರಿ ಹೇಳುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೆ. ದೋಷದ ಮಾಲನ್ನ ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ದುಡ್ಡು ಕೊಡದಿದ್ದರೆ ಅದು ಅನುಚಿತ ವ್ಯಾಪಾರ ಪದ್ಧತಿ.

1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಹಳೇ 1986ರ ಕಾಯ್ದೆಯಲ್ಲಿ ಎದುರು ಪಕ್ಷದವರು ಇರುವ ಊರಿಗೋ, ವ್ಯವಹಾರ ನಡೆದ ಊರಿಗೋ ನಾವು ಹೋಗಬೇಕಿತ್ತು. ಹೊಸ ಕಾಯ್ದೆಯಲ್ಲಿ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹಿರೇಹಂದಿಗೋಳದವರಿಗೆ ಗದಗ ಸಾಕು, ಕಂಪನಿಯವರೇ ಅಲ್ಲಿಗೆ ಉತ್ತರ ಕೊಡಬೇಕು. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ. ವಕೀಲರು ಬೇಕೇಬೇಕು ಅಂತಿಲ್ಲ. ದೂರನ್ನ ಆನ್‌ಲೈನಲ್ಲೇ ಹಾಕಬಹುದು. ಆದ್ರೆ ಎರಡು ವರ್ಷದೊಳಗೆ ಹಾಕಬೇಕು. ಇನ್ನೊಂದು ಎಚ್ಚರ. ಯಾರದೋ ಜಿಎಸ್‌ಟಿ ನಂಬರ್ ಹಾಕಿಸಿ ಬಿಲ್ ತಗೊಂಡರೆ ‘ಇದು ವ್ಯಾಪಾರಕ್ಕೆ ಕೊಂಡ ಮಾಲು, ಇವರು ಗ್ರಾಹಕರೇ ಅಲ್ಲ’ ಅಂತ ಕಂಪನಿ ವಾದ ಹೂಡಬಹುದು. ಬಿಲ್ ನಿಮ್ಮ ಹೆಸರಲ್ಲೇ ಇರಲಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತೆ. ಎಲ್ಲವನ್ನೂ ಕೊಳ್ಳುವವನೇ ಓದಬೇಕಾ? ಕೊಳ್ಳಿ ಅನ್ನುವ ಜಾಹೀರಾತು ಅಚ್ಚ ಕನ್ನಡದಲ್ಲಿ ಬರುತ್ತೆ. ಕೆಟ್ಟರೆ ಏನು ಅನ್ನುವ ಷರತ್ತು ಇಂಗ್ಲಿಷಿನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ ಬರುತ್ತೆ. ‘ಒಂದು ವರ್ಷ ವಾರಂಟಿ’ ಅನ್ನುವ ಸಾಲಿನ ಕೆಳಗೇ ‘ನಿಮ್ಮ ಪಿನ್‌ಕೋಡಿಗೆ ಹತ್ತಿರದ ರಿಪೇರಿ ಕೇಂದ್ರ ಇಂಥ ಊರಲ್ಲಿದೆ’ ಅಂತ ಕನ್ನಡದಲ್ಲಿ ತೋರಿಸೋಕೆ ಎಷ್ಟು ಕಷ್ಟ? ಡೆಲಿವರಿ ಹುಡುಗ ಯಾವ ಓಣಿಯಲ್ಲಿದ್ದಾನೆ ಅಂತ ತೋರಿಸುವ ಆ್ಯಪಿಗೆ ಇದು ದೊಡ್ಡ ಕೆಲಸ ಅಲ್ಲ. ಸರ್ಕಾರ ಹೇಳಬೇಕು, ಅವರು ಮಾಡಬೇಕು.

ಅಲ್ಲಿವರೆಗೆ ಊರೇ ಒಬ್ಬರಿಗೊಬ್ಬರು ಆಗಬೇಕು. 1905ರಲ್ಲಿ ಇದೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನ ಕೂಡಿಸಿ ಸಹಕಾರ ಸಂಘ ಕಟ್ಟಿದ್ರು. ಒಬ್ಬೊಬ್ಬನೇ ಸಾಹುಕಾರನ ಮುಂದೆ ನಿಂತರೆ ನಡೆಯಲ್ಲ ಅನ್ನೋ ತಿಳಿವಳಿಕೆ ಆ ನೆಲಕ್ಕೆ ಹೊಸದಲ್ಲ. ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕಾಲೇಜು ಓದುವ ನಾಲ್ಕು ಹುಡುಗರು ಕೂತು, ಊರಿನವರ ಬಿಲ್ ನೋಡಿ, ಸೀರಿಯಲ್ ನಂಬರ್ ಹಾಕಿ, ದೂರು ಬರೆದುಕೊಟ್ಟರೆ ಅದೇ ಇವತ್ತಿನ ಸಹಕಾರ.

ಆರು ಕ್ವಿಂಟಲ್ ಹೆಸರು ಮಾರಿದ ಅಪ್ಪ ಎಪಿಎಂಸಿಯಲ್ಲಿ ತೂಕ ಸರಿ ಐತೋ ಇಲ್ಲೋ ಅಂತ ಎರಡೆರಡು ಸಲ ನೋಡಿರ್ತಾನೆ. ಆ ದುಡ್ಡಲ್ಲಿ ಬಂದ ವಾರಂಟಿಯನ್ನ ಮಕ್ಕಳು ಒಂದು ಸಲವಾದರೂ ತೂಗಿ ನೋಡಲಿ.