ಆ ಜಾಗಕ್ಕೆ ನಾವು ಹೋಗುವುದಿಲ್ಲ



ವಿಜಯಪುರದಲ್ಲೋ ಚಿಕ್ಕಬಳ್ಳಾಪುರದಲ್ಲೋ ದ್ರಾಕ್ಷಿ ಬೆಳೆಯುವವರು ಈ ಮಾತು ಕೇಳುತ್ತಿದ್ದರೆ ಅವರಿಗೆ ನಾನು ಹೊಸದಾಗಿ ಹೇಳಬೇಕಾದ್ದಿಲ್ಲ. ಮಾಗಿದ ಗೊಂಚಲು ಯಾರಿಗೂ ಕಾಯುವುದಿಲ್ಲ. ಕೊಯ್ಲಿನ ಹೊತ್ತಿಗೆ ಆಳು ಸಿಗದಿದ್ದರೆ ವರ್ಷದ ದುಡಿಮೆ ಬಳ್ಳಿಯಲ್ಲೇ ಕೊಳೆತುಹೋಗುತ್ತದೆ. ಆದ್ದರಿಂದ ದೊಡ್ಡ ತೋಟಗಳಲ್ಲಿ ಕೂಲಿಯವರು ಕೆಲಸ ನಿಲ್ಲಿಸಿದಾಗ ಧಣಿಗಳು ಮೊದಲು ಹುಡುಕುವುದು ಬೇರೆ ಕೂಲಿಯವರನ್ನು. ಎದ್ದುಹೋದವರ ಜಾಗಕ್ಕೆ ಯಾರು ಬರುತ್ತಾರೆ? ನ್ಯಾಯಕ್ಕಾಗಿ ನಡೆದ ಎಷ್ಟೋ ಹೋರಾಟಗಳು ಗೆದ್ದದ್ದೂ ಸೋತದ್ದೂ ಈ ಒಂದು ಪ್ರಶ್ನೆಯ ಮೇಲೆಯೇ.

ಸಣ್ಣ ಸಮುದಾಯಗಳು ಒಂದಕ್ಕೊಂದು ಹೆಗಲು ಕೊಡುವುದೆಂದರೆ ಏನು ಎಂಬುದನ್ನು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಒಂದು ದ್ರಾಕ್ಷಿ ಸೀಮೆಯ ಕಥೆಯಿಂದ ಇವತ್ತು ತಿಳಿಯೋಣ. ಊರಿನ ಹೆಸರು ಡೆಲಾನೊ. ವರ್ಷ 1965.

ಆ ತೋಟಗಳಲ್ಲಿ ದುಡಿಯುತ್ತಿದ್ದವರಲ್ಲಿ ಮುಖ್ಯವಾಗಿ ಎರಡು ಸಮುದಾಯಗಳಿದ್ದವು. ಒಂದು ಮೆಕ್ಸಿಕೊ ಮೂಲದವರದು. ಇವರು ಹೆಚ್ಚು ಸಂಖ್ಯೆಯಲ್ಲಿದ್ದರು, ಮಕ್ಕಳುಮರಿ ಕಟ್ಟಿಕೊಂಡು ಊರಲ್ಲಿ ನೆಲೆಸಿದ್ದರು. ಇನ್ನೊಂದು ಫಿಲಿಪ್ಪೀನ್ಸ್ ದ್ವೀಪಗಳಿಂದ ಬಂದವರದು. ಅವರ ನಾಡು ಅಮೆರಿಕದ ಆಳ್ವಿಕೆಯಲ್ಲಿದ್ದಾಗ, 1920 ಮತ್ತು 30ರ ದಶಕಗಳಲ್ಲಿ, ಓದಿನ ಆಸೆ, ಸಂಪಾದನೆಯ ಆಸೆ ಇಟ್ಟುಕೊಂಡು ಸಾವಿರಾರು ತರುಣರು ಹಡಗು ಹತ್ತಿದ್ದರು. ಕ್ಯಾಲಿಫೋರ್ನಿಯಾ ಅವರ ದುಡಿಮೆಯನ್ನು ಪಡೆಯಿತು, ಸಂಸಾರ ಹೂಡಲು ಮಾತ್ರ ಬಿಡಲಿಲ್ಲ. ಅವರ ಜೊತೆ ಬಂದ ಹೆಂಗಸರು ಬಹಳ ಕಡಿಮೆ. ಬಿಳಿಯ ಹೆಣ್ಣನ್ನು ಮದುವೆಯಾಗೋಣವೆಂದರೆ 1933ರಿಂದ 1948ರವರೆಗೆ ಆ ರಾಜ್ಯದ ಕಾನೂನೇ ಅಡ್ಡ ನಿಂತಿತ್ತು. ಎಷ್ಟೋ ಮಂದಿ ಕೂಲಿಗಳ ಶಿಬಿರದಲ್ಲಿ ಒಂಟಿಯಾಗಿಯೇ ಮುದುಕರಾದರು. ಕಿರಿಯರು ಅವರನ್ನು ‘ಮನೋಂಗ್’ ಎಂದು ಕರೆಯುತ್ತಿದ್ದರು. ಅವರ ಇಲೊಕಾನೊ ಭಾಷೆಯಲ್ಲಿ ಹಾಗೆಂದರೆ ಅಣ್ಣ.

ಅಂಥ ಒಬ್ಬ ಅಣ್ಣ ಲ್ಯಾರಿ ಇಟ್ಲಿಯಾಂಗ್. ಹದಿನೈದರ ಹುಡುಗನಾಗಿ 1929ರಲ್ಲಿ ಅಮೆರಿಕಕ್ಕೆ ಬಂದವರು. ಅಲಾಸ್ಕಾದಲ್ಲಿ ಮೀನು ಡಬ್ಬಿ ತುಂಬುವ ಕಾರ್ಖಾನೆಯ ಅಪಘಾತದಲ್ಲಿ ಮೂರು ಬೆರಳು ಕಳೆದುಕೊಂಡಿದ್ದರು. ‘ಏಳು ಬೆರಳಿನವ’ ಎಂದೇ ಜನ ಅವರನ್ನು ಗುರುತಿಸುತ್ತಿದ್ದರು.

ಈ ಎರಡೂ ಸಮುದಾಯಗಳದ್ದು ಒಂದೇ ಬಿಸಿಲು, ಒಂದೇ ದಣಿವು. ಆದರೂ ಅವರು ಒಬ್ಬರಿಗೊಬ್ಬರು ಅಪರಿಚಿತರಾಗಿಯೇ ಉಳಿದಿದ್ದರು. ಇವರ ವಾಸ ಒಂದು ಕಡೆ, ಅವರ ವಾಸ ಇನ್ನೊಂದು ಕಡೆ. ಇವರ ಗುಂಪಿಗೆ ಇವರದೇ ಮೇಸ್ತ್ರಿ, ಅವರ ಗುಂಪಿಗೆ ಅವರದೇ ಮೇಸ್ತ್ರಿ. ಮಾತೂ ಬೇರೆ, ಊಟವೂ ಬೇರೆ. ಫಿಲಿಪ್ಪೀನ್ಸಿನವರು ಮುಷ್ಕರ ಹೂಡಿದರೆ ಮೆಕ್ಸಿಕೊದವರನ್ನು ತೋಟಕ್ಕಿಳಿಸುವುದು, ಇವರು ಹೂಡಿದರೆ ಅವರನ್ನು ಕರೆಸುವುದು ಧಣಿಗಳ ಹಳೆಯ ರೂಢಿ. ‘ನಮ್ಮ ಅನ್ನ ಕಿತ್ತುಕೊಂಡವರು ಅವರು’ ಎಂಬ ಕಹಿ ಎರಡೂ ಕಡೆ ಬೆಳೆಯಿತು. ಕೂಲಿ ಮಾತ್ರ ಇಬ್ಬರಿಗೂ ಬೆಳೆಯಲಿಲ್ಲ.

1965ರ ಬೇಸಿಗೆಯ ಮೊದಲಲ್ಲಿ, ದಕ್ಷಿಣದ ಕೊಯಚೆಲ್ಲಾ ಕಣಿವೆಯಲ್ಲಿ ಫಿಲಿಪ್ಪೀನ್ಸಿನ ಕಾರ್ಮಿಕರು ಮುಷ್ಕರ ಹೂಡಿ ಗಂಟೆಗೆ 1 ಡಾಲರ್ 40 ಸೆಂಟ್ ಕೂಲಿ ಪಡೆದಿದ್ದರು. ಕೊಯ್ಲು ಸಾಗಿದಂತೆ ಅವರೂ ಉತ್ತರಕ್ಕೆ, ಡೆಲಾನೊಗೆ ಬಂದರು. ಇಲ್ಲಿನ ಧಣಿಗಳು ಅಷ್ಟು ಕೊಡಲು ಒಪ್ಪಲಿಲ್ಲ. ಸೆಪ್ಟೆಂಬರ್ 8ರಂದು, ಇಟ್ಲಿಯಾಂಗ್, ಫಿಲಿಪ್ ವೆರಾ ಕ್ರೂಸ್, ಪೀಟ್ ವೆಲಾಸ್ಕೊ ಮುಂತಾದವರ ಮುಂದಾಳ್ತನದಲ್ಲಿ ಐವತ್ತು ಅರವತ್ತು ದಾಟಿದ ಈ ಅಣ್ಣಂದಿರು ತೋಟದಿಂದ ಹೊರಬಂದರು. ಶಿಬಿರಗಳ ನೀರು, ವಿದ್ಯುತ್ತು, ಗ್ಯಾಸ್ ನಿಂತವು. ಅವರು ಆ ಶಿಬಿರಗಳನ್ನು ಬಿಟ್ಟರೆ ಬೇರೆ ಸೂರು ಕಾಣದವರು.

ಮುಷ್ಕರ ಮುರಿಯಲು ಕಾಲ ಕೂಡಿಬಂದಿತ್ತು. ಬೇಕಾದದ್ದು ಮೆಕ್ಸಿಕೊದವರ ಕೈಗಳು, ಅಷ್ಟೇ. ಆಗ ಇಟ್ಲಿಯಾಂಗ್ ಸೀಸರ್ ಚಾವೆಸ್ ಬಳಿಗೆ ಹೋದರು. ಚಾವೆಸ್ ಮತ್ತು ಡೊಲೊರೆಸ್ ಹುವೆರ್ತಾ 1962ರಲ್ಲಿ ಕಟ್ಟಿದ್ದ ಕೃಷಿ ಕಾರ್ಮಿಕರ ಸಂಘದಲ್ಲಿ ಇದ್ದವರು ಬಹುಪಾಲು ಮೆಕ್ಸಿಕೊ ಮೂಲದವರು. ಸಂಘ ಎಳೆಯದು, ಕೈಯಲ್ಲಿ ಕಾಸಿಲ್ಲ. ಮುಷ್ಕರಕ್ಕೆ ಇನ್ನೂ ಕೆಲವು ವರ್ಷ ಬೇಕು ಎಂದು ಚಾವೆಸ್ ಲೆಕ್ಕ ಹಾಕಿದ್ದರು. ಇಟ್ಲಿಯಾಂಗ್ ಅವರ ವಾದ ಸರಳವಾಗಿತ್ತು. ಇವತ್ತು ನಮ್ಮ ಮುಷ್ಕರವನ್ನು ನಿಮ್ಮವರು ಮುರಿದರೆ, ನಾಳೆ ನಿಮ್ಮದನ್ನು ನಮ್ಮವರು ಮುರಿಯುತ್ತಾರೆ.

ಸೆಪ್ಟೆಂಬರ್ 16, ಮೆಕ್ಸಿಕೊದ ಸ್ವಾತಂತ್ರ್ಯ ದಿನ. ಆ ಸಂಜೆ ಡೆಲಾನೊದ ಗ್ವಾಡಲುಪೆ ಮಾತೆಯ ಚರ್ಚಿನ ಸಭಾಂಗಣದಲ್ಲಿ ಸಂಘದವರು ಕಿಕ್ಕಿರಿದು ನೆರೆದರು. ಮುಷ್ಕರಕ್ಕೆ ಸೇರೋಣವೇ ಎಂಬ ಪ್ರಶ್ನೆಗೆ ಎದ್ದ ಕೂಗು ಒಂದೇ: ‘ವೆಲ್ಗಾ’. ಸ್ಪ್ಯಾನಿಷಿನಲ್ಲಿ ಹಾಗೆಂದರೆ ಮುಷ್ಕರ.

ಕೇಳುಗರು ಗಮನಿಸಬೇಕಾದ ಮಾತು ಇಲ್ಲಿದೆ. ಆ ಸಂಜೆ ಅವರು ಅಣ್ಣಂದಿರ ಬಗ್ಗೆ ಮರುಕ ಸೂಚಿಸಿ ಮನೆಗೆ ಹೋಗಲಿಲ್ಲ. ಮಾರನೆಯ ದಿನದ ಕೂಲಿ ಕಣ್ಣೆದುರಿಗಿತ್ತು, ಮನೆಯಲ್ಲಿ ಮಕ್ಕಳಿದ್ದರು. ಆದರೂ ಖಾಲಿಯಾದ ಆ ಜಾಗಕ್ಕೆ ನಾವು ಹೋಗುವುದಿಲ್ಲ ಎಂದರು. ಒಗ್ಗಟ್ಟಿನ ಬೇರು ಇರುವುದು ಇಂಥ ನಿರಾಕರಣೆಯಲ್ಲಿ. ಮಿಕ್ಕದ್ದೆಲ್ಲ ಇದರ ಮೇಲೆ ಬೆಳೆಯುತ್ತದೆ.

ಬೆಳೆಯಿತು ಕೂಡ. ಫಿಲಿಪಿನೊ ಸಮುದಾಯ ಭವನದಲ್ಲಿ ಮುಷ್ಕರದ ಅಡುಗೆಮನೆ ಎದ್ದಿತು. ಒಬ್ಬರ ರುಚಿ ಇನ್ನೊಬ್ಬರಿಗೆ ಒಗ್ಗದಿದ್ದವರು ಒಟ್ಟಿಗೆ ಕೂತು ಉಂಡರು. ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದು ಎಷ್ಟು ದೊಡ್ಡ ಮಾತೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. 1966ರ ಮಾರ್ಚ್‌ನಲ್ಲಿ ಡೆಲಾನೊದಿಂದ ರಾಜಧಾನಿ ಸ್ಯಾಕ್ರಮೆಂಟೊಗೆ ಪಾದಯಾತ್ರೆ ಹೊರಟಿತು. 25 ದಿನ, ಸುಮಾರು 300 ಮೈಲಿ. ಯಾತ್ರೆ ಈಸ್ಟರ್ ಭಾನುವಾರ ರಾಜಧಾನಿ ತಲುಪುವ ಮುನ್ನವೇ ಶೆನ್ಲಿ ಎಂಬ ದೊಡ್ಡ ಮದ್ಯದ ಕಂಪನಿ ಸಂಘಕ್ಕೆ ಮಾನ್ಯತೆ ಕೊಡಲು ಒಪ್ಪಿತ್ತು. ಅದೇ ವರ್ಷ ಫಿಲಿಪ್ಪೀನ್ಸಿನ ಅಣ್ಣಂದಿರಿದ್ದ ಸಂಘವೂ ಚಾವೆಸ್ ಅವರ ಸಂಘವೂ ಕೂಡಿ ಒಂದಾದವು. ಗಾಂಧೀಜಿಯವರಿಂದ ಪ್ರೇರಣೆ ಪಡೆದಿದ್ದ ಚಾವೆಸ್, ಹೋರಾಟ ಹಿಂಸೆಗೆ ಜಾರದಿರಲೆಂದು 1968ರಲ್ಲಿ 25 ದಿನ ಉಪವಾಸ ಕುಳಿತರು. ದ್ರಾಕ್ಷಿ ಕೊಳ್ಳಬೇಡಿ ಎಂಬ ಕರೆ ದೇಶವಿಡೀ ಹಬ್ಬಿತು. ತಮ್ಮದೇ ದೊಡ್ಡ ಹೋರಾಟದಲ್ಲಿ ಮುಳುಗಿದ್ದ ಕಪ್ಪು ಜನರ ಸಂಘಟನೆಗಳೂ ಬಹಿಷ್ಕಾರಕ್ಕೆ ದನಿಗೂಡಿಸಿದವು. 1970ರ ಜುಲೈ 29ರಂದು ಡೆಲಾನೊದ ಧಣಿಗಳು ಒಪ್ಪಂದಕ್ಕೆ ಸಹಿ ಹಾಕಿದರು.

ಇಂಥ ನಿರಾಕರಣೆಗೆ ಅದೇ ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಹಳೆಯ ಉದಾಹರಣೆಯೊಂದಿದೆ. 1903ರಲ್ಲಿ ಆಕ್ಸ್‌ನಾರ್ಡ್ ಎಂಬಲ್ಲಿ ಸಕ್ಕರೆ ಬೀಟ್ ಹೊಲಗಳ ಜಪಾನಿ ಮತ್ತು ಮೆಕ್ಸಿಕನ್ ಕೂಲಿಗಳು ಸೇರಿ ಸಂಘ ಕಟ್ಟಿ, ಮುಷ್ಕರ ಹೂಡಿ ಗೆದ್ದರು. ಬಳಿಕ ಅಮೆರಿಕದ ಅತಿ ದೊಡ್ಡ ಕಾರ್ಮಿಕ ಒಕ್ಕೂಟಕ್ಕೆ ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕಿದರು. ಒಕ್ಕೂಟದ ಅಧ್ಯಕ್ಷ ಸ್ಯಾಮ್ಯುಯೆಲ್ ಗೊಂಪರ್ಸ್ ಒಂದು ಷರತ್ತು ಹಾಕಿದರು: ಚೀನೀಯರನ್ನೂ ಜಪಾನಿಯರನ್ನೂ ಸಂಘಕ್ಕೆ ಸೇರಿಸಬಾರದು. ಮೆಕ್ಸಿಕನ್ನರ ಕಡೆಯ ಕಾರ್ಯದರ್ಶಿ ಲಿಸಾರ್‍ರಾಸ್, ಜೊತೆಗೆ ನಿಂತು ಹೋರಾಡಿದ ಜಪಾನಿ ಸಂಗಾತಿಗಳಿಗೆ ದ್ರೋಹ ಬಗೆದು ಬರುವ ಮನ್ನಣೆ ತಮಗೆ ಬೇಡ ಎಂದು ತಿಳಿಸಿದರು. ಇಲ್ಲಿ ಖಾಲಿ ಜಾಗ ತೋಟದಲ್ಲಿರಲಿಲ್ಲ, ದೊಡ್ಡವರ ಸಾಲಿನಲ್ಲಿತ್ತು. ಇನ್ನೊಬ್ಬರನ್ನು ಹೊರಗಿಟ್ಟು ನಮ್ಮನ್ನು ಒಳಗೆ ಕರೆಯುವವರ ಬಾಗಿಲಲ್ಲಿ ಬೆನ್ನು ತಿರುಗಿಸುವುದು ಹಸಿವನ್ನು ತಾಳುವುದಕ್ಕಿಂತ ಕಷ್ಟ. ಏಕೆಂದರೆ ಆ ಕರೆ ಗೌರವದ ವೇಷದಲ್ಲಿ ಬರುತ್ತದೆ.

ಡೆಲಾನೊದ ಕಥೆಯನ್ನು ಗೆಲುವಿನೊಂದಿಗೆ ಮುಗಿಸಿದರೆ ಅರ್ಧ ಸತ್ಯ ಹೇಳಿದಂತೆ. ಗೆದ್ದ ಮೇಲೆ ಕೂಡಿದ ಸಂಘದಲ್ಲಿ ಫಿಲಿಪ್ಪೀನ್ಸಿನವರು ಚಿಕ್ಕ ಪಾಲಾದರು. ಸಂಘದ ಹೊಸ ಕೆಲಸ ಹಂಚಿಕೆ ಪದ್ಧತಿಯಲ್ಲಿ, ಒಟ್ಟಿಗೇ ಊರೂರು ಸುತ್ತಿ ದುಡಿಯುತ್ತಿದ್ದ ಅಣ್ಣಂದಿರ ಗುಂಪುಗಳು ಚದುರಿದವು. ತಮ್ಮವರ ಮಾತಿಗೆ ಬೆಲೆಯಿಲ್ಲವೆಂಬ ನೋವಿನಲ್ಲಿ ಇಟ್ಲಿಯಾಂಗ್ 1971ರಲ್ಲಿ ಸಂಘ ಬಿಟ್ಟರು. ಫಿಲಿಪ್ಪೀನ್ಸಿನ ಸರ್ವಾಧಿಕಾರಿ ಮಾರ್ಕೋಸ್ ಆಹ್ವಾನದ ಮೇಲೆ ಚಾವೆಸ್ ಅಲ್ಲಿಗೆ ಹೋಗಿ ಬಂದದ್ದನ್ನು ಒಪ್ಪದೆ ವೆರಾ ಕ್ರೂಸ್ 1977ರಲ್ಲಿ ಹೊರಬಂದರು. ಚಾವೆಸ್ ಹೆಸರು ಲೋಕಕ್ಕೆ ತಿಳಿಯಿತು. ಮುಷ್ಕರದ ಮೊದಲ ಹೆಜ್ಜೆ ಇಟ್ಟವರ ಹೆಸರು ದಶಕಗಳ ಕಾಲ ಮರೆಯಲ್ಲಿ ಉಳಿಯಿತು. ಲ್ಯಾರಿ ಇಟ್ಲಿಯಾಂಗ್ ಹುಟ್ಟಿದ ಅಕ್ಟೋಬರ್ 25ನ್ನು ಅವರ ಹೆಸರಿನ ದಿನವಾಗಿ ಕ್ಯಾಲಿಫೋರ್ನಿಯಾ ಗುರುತಿಸಲು 2015 ಆಗಬೇಕಾಯಿತು.

ಈ ನೋವಿನಲ್ಲೂ ಒಂದು ಪಾಠವಿದೆ. ಹೋರಾಟ ನಡೆಯುವಾಗ ಸಂಗಾತಿಯ ಜಾಗವನ್ನು ಕಸಿಯದಿದ್ದರೆ ಸಾಲದು. ಗೆದ್ದ ಮೇಲೆ ಅವನ ಜಾಗವನ್ನು ಅವನಿಗೇ ಉಳಿಸಿಕೊಡಬೇಕು. ವೇದಿಕೆಯಲ್ಲಿ, ಲೆಕ್ಕಪತ್ರದಲ್ಲಿ, ಮಕ್ಕಳ ಪಾಠದ ಪುಸ್ತಕದಲ್ಲಿ.

ಆ ಕೆಲಸಕ್ಕೆ ಡೆಲಾನೊದಲ್ಲೇ ಒಂದು ಒಳ್ಳೆಯ ಮಾದರಿಯಿದೆ. ಸಂಘದ ನೆಲೆಯಾದ ‘ಫಾರ್ಟಿ ಏಕರ್ಸ್’ ಜಾಗದಲ್ಲಿ 1974ರಲ್ಲಿ ಅಗ್ಬಯಾನಿ ವಿಲೇಜ್ ಎಂಬ ವಸತಿ ತೆರೆಯಿತು. ಮುಷ್ಕರದ ಕಾವಲು ಸಾಲಿನಲ್ಲಿ ನಿಂತಿದ್ದಾಗಲೇ ಪ್ರಾಣಬಿಟ್ಟ ಫಿಲಿಪಿನೊ ಕಾರ್ಮಿಕ ಪೌಲೊ ಅಗ್ಬಯಾನಿ ಹೆಸರು ಅದಕ್ಕೆ. ಸಂಸಾರವಿಲ್ಲದ, ಸೂರಿಲ್ಲದ ಮುದಿ ಅಣ್ಣಂದಿರಿಗಾಗಿ ಸಾವಿರಾರು ಜನ ಬಂದು, ಕೂಲಿ ಪಡೆಯದೆ, ಇಟ್ಟಿಗೆ ಹೊತ್ತು ಕಟ್ಟಿದ ಮನೆ ಅದು. ಜೀವಮಾನವೆಲ್ಲ ಬೇರೆಯವರ ಶಿಬಿರದಲ್ಲಿ ಮಲಗಿದವರಿಗೆ ಕೊನೆಗಾಲದಲ್ಲಿ ತಮ್ಮದೆನ್ನುವ ಕೋಣೆ, ಬಾಗಿಲು, ಅಂಗಳ ಸಿಕ್ಕವು.

ನಮ್ಮ ಊರಲ್ಲೂ, ನಾವು ದುಡಿಯುವ ಕಡೆಯೂ ಯಾರದೋ ಜಾಗ ಖಾಲಿಯಾಗಿ ನಮ್ಮ ಮುಂದೆ ಬರುವ ದಿನ ಬರಬಹುದು. ಅಲ್ಲಿ ಕೂರುವ ಮೊದಲು ಒಂದು ಗಳಿಗೆ ನಿಂತು, ಎದ್ದುಹೋದವರು ಯಾರು, ಏಕೆ ಎದ್ದರು ಎಂದು ಕೇಳೋಣ.