ಶಾಲೆಯ ಬಯಲಿನಲ್ಲೊಂದು ಓಟದ ಪಥ

(ವಾರ್ಷಿಕ ಕ್ರೀಡಾದಿನದಂದು ಮಾಡಿದ ಭಾಷಣ)



ಬಹುಮಾನ ವಿತರಣೆಯ ಈ ಶುಭಸಂದರ್ಭದಲ್ಲಿ, ನಾನು ಕಳೆದುಕೊಂಡ ಒಂದು ಓಟದ ಕಥೆಯನ್ನು ಹೇಳಬಯಸುತ್ತೇನೆ. ಕಾಲೇಜು ಸೇರಿದ ಮೊದಲ ವರ್ಷ 200 ಮೀಟರ್ ಓಟದಲ್ಲಿ ಎಲ್ಲರಿಗಿಂತ ಮೊದಲು ಗುರಿ ಮುಟ್ಟಿದೆನು. ಆದರೆ ತಿರುವಿನಲ್ಲಿ ನನ್ನ ಸಾಲನ್ನು ಬಿಟ್ಟು ಒಳಗಿನ ಸಾಲಿಗೆ ಕಾಲಿಟ್ಟಿದ್ದೆನೆಂದು ನಿರ್ಣಾಯಕರು ನನ್ನನ್ನು ಅನರ್ಹಗೊಳಿಸಿದರು. ತೀರ್ಪು ನ್ಯಾಯವಾಗಿಯೇ ಇತ್ತು. ನಾನು ಕಲಿತ ಶಾಲೆಯ ಬಯಲಿನಲ್ಲಿ ಯಾರೂ ಎಂದೂ ಗೆರೆ ಎಳೆದಿರಲಿಲ್ಲ. ಒಂದು ಬೇವಿನ ಮರದಿಂದ ಇನ್ನೊಂದು ಮರಕ್ಕೆ ನೆಟ್ಟಗೆ ಓಡಿ ಕಲಿತವನು ನಾನು.

ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯವು 1962ರಲ್ಲಿ ಸ್ಥಾಪನೆಯಾಯಿತು. ಇಂದು ಕೊಲ್ಹಾಪುರ, ಸಾಂಗಲಿ, ಸಾತಾರಾ ಜಿಲ್ಲೆಗಳ ಕಾಲೇಜುಗಳು ಅದರ ಆಶ್ರಯದಲ್ಲಿವೆ. ಇಚಲಕರಂಜಿಯ ದತ್ತಾಜಿರಾವ ಕದಮ ಕಾಲೇಜಿನಲ್ಲಾಗಲಿ, ಗಡಹಿಂಗ್ಲಜದ ಶಿವರಾಜ ಕಾಲೇಜಿನಲ್ಲಾಗಲಿ ಇಂದು ಓಡುತ್ತಿರುವ ತರುಣನೇ ನಾಳೆ ಅಖಿಲ ಭಾರತ ಅಂತರ್ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಅದರ ಹೆಸರನ್ನು ಎತ್ತಿ ಹಿಡಿಯಬೇಕಾದವನು. ಆ ತರುಣನು ಎಲ್ಲಿಂದ ಬರುವನು? ಇಂತಹ ಶಾಲೆಗಳ ಬಯಲಿನಿಂದಲೇ. ಆದುದರಿಂದ ವಿಶ್ವವಿದ್ಯಾಲಯದ ಕ್ರೀಡಾ ಬಂಡವಾಳದ ಬಹುಭಾಗ ನಮ್ಮ ಕೈಯಲ್ಲಿಯೇ ಇದೆ.

ಬಡತನವೊಂದೇ ಅಡ್ಡಿಯೆಂದು ಹೇಳಿ ಸುಮ್ಮನಾಗುವಂತಿಲ್ಲ. ನಮ್ಮ ನೆರೆಯ ಬೆಳಗಾವಿಯ ಫಡೆಪ್ಪ ಚೌಗುಲೆಯವರು 1920ರ ಆಂಟ್‌ವರ್ಪ್ ಒಲಿಂಪಿಕ್ ಮ್ಯಾರಥಾನ್‌ನಲ್ಲಿ 19ನೆಯವರಾಗಿ ಬಂದರು. ಸಾತಾರಾ ಜಿಲ್ಲೆಯ ಬರದ ನಾಡಾದ ಮಾಣ ತಾಲೂಕಿನ ಲಲಿತಾ ಬಾಬರ 2016ರ ರಿಯೋ ಒಲಿಂಪಿಕ್‌ನಲ್ಲಿ 3000 ಮೀಟರ್ ಸ್ಟೀಪಲ್‌ಚೇಸ್‌ನ ಅಂತಿಮ ಸ್ಪರ್ಧೆಗೇರಿ 10ನೆಯ ಸ್ಥಾನ ಪಡೆದರು. ಇನ್ನು ಕುಸ್ತಿಯ ಖಾಶಾಬಾ ಜಾಧವರನ್ನು 1952ರಲ್ಲಿ ಹೆಲ್ಸಿಂಕಿಗೆ ಕಳಿಸಲು ರಾಜಾರಾಮ ಕಾಲೇಜಿನ ಪ್ರಾಚಾರ್ಯ ಖರ್ಡೇಕರರು ತಮ್ಮ ಮನೆಯನ್ನೇ ಒತ್ತೆಯಿಟ್ಟರು. ಶಿಷ್ಯನು ಕಂಚಿನ ಪದಕ ತಂದನು. ನಮ್ಮಿಂದ ಅಷ್ಟು ದೊಡ್ಡ ತ್ಯಾಗವನ್ನು ಯಾರೂ ಕೇಳುತ್ತಿಲ್ಲ.

ನಾನು ಕೇಳುವುದು ಸುಣ್ಣ, ಅಳತೆಯ ಪಟ್ಟಿ ಹಾಗೂ ನಾಲ್ಕು ಗೂಟಗಳನ್ನು. ಪೂರ್ಣ ಪ್ರಮಾಣದ ಪಥ 400 ಮೀಟರಿನದು. ಅದಕ್ಕೆ ನಮ್ಮ ಬಯಲು ಸಾಲದು. ಆದರೆ 90 ಮೀಟರ್ ಉದ್ದ, 50 ಮೀಟರ್ ಅಗಲದ ಸ್ಥಳದಲ್ಲಿ ನಾಲ್ಕು ಸಾಲಿನ 200 ಮೀಟರ್ ಪಥ ಹಿಡಿಸುತ್ತದೆ. 40 ಮೀಟರಿನ ಎರಡು ನೇರ ಬದಿಗಳು. ಎರಡೂ ತುದಿಗೆ 18.90 ಮೀಟರ್ ತ್ರಿಜ್ಯದ ಅರ್ಧವೃತ್ತಗಳು. ಇದು ಒಳಗೆರೆ. ಓಟಗಾರನು ಗೆರೆಯಿಂದ 20 ಸೆಂಟಿಮೀಟರ್ ಹೊರಗೆ ಓಡುವನೆಂದು ಲೆಕ್ಕ ಹಿಡಿದರೆ ಸುತ್ತು ಸರಿಯಾಗಿ 200 ಮೀಟರ್ ಆಗುವುದು. ಪ್ರತಿ ಸಾಲಿನ ಅಗಲ 1.22 ಮೀಟರ್, ಹೊರಸಾಲಿನವನು ಒಂದು ಸುತ್ತಿಗೆ ಒಳಸಾಲಿನವನಿಗಿಂತ ಸುಮಾರು 7.67 ಮೀಟರ್ ಮುಂದೆ ನಿಂತು ಓಟ ಆರಂಭಿಸಬೇಕು. ಏಕೆಂಬುದನ್ನು ವಿದ್ಯಾರ್ಥಿಗಳು ಗಣಿತದ ತರಗತಿಯಲ್ಲಿ ತಾವೇ ಲೆಕ್ಕಹಾಕಿ ತೋರಿಸಲಿ.

ಪಾಲಕರಲ್ಲಿಯೂ ಒಂದು ವಿನಂತಿ. ಮಗ್ಗದ ಕೆಲಸವಿರಲಿ, ಹೊಲದ ಕೆಲಸವಿರಲಿ, ದಿನಕ್ಕೊಂದು ಗಂಟೆ ಮಕ್ಕಳನ್ನು ಬಯಲಿಗೆ ಬಿಟ್ಟುಕೊಡಿರಿ. ಹತ್ತನೆಯ ತರಗತಿ ಬಂದೊಡನೆ, ಮಗಳು ದೊಡ್ಡವಳಾದೊಡನೆ, ಆಟವನ್ನು ನಿಲ್ಲಿಸಬೇಡಿರಿ. ಮಕ್ಕಳ ಓಟದ ವೇಳೆಯನ್ನು ಪ್ರತಿ ತಿಂಗಳು ಒಂದು ವಹಿಯಲ್ಲಿ ಬರೆದಿಡುವ ಕೆಲಸವನ್ನು ಗುರುಗಳು ಕೈಕೊಳ್ಳಲಿ.

ಮುಂದಿನ ವರ್ಷ ಈ ಬಯಲಿನಲ್ಲಿ ಬಿಳಿಯ ಗೆರೆಗಳನ್ನು ಕಾಣುವ ಭಾಗ್ಯ ನಮಗೆ ದೊರೆಯಲಿ. ಗೆರೆ ಅರಿಯದೆ ನಾನು ಸೋತಂತೆ ನಿಮ್ಮಲ್ಲಿ ಯಾರೂ ಸೋಲದಿರಲಿ.